ಅಲೆಯಿಂದ ಅದಿರಿಗೆ: ಅಡಿಗರ ಕಾವ್ಯವಿಚಾರ ಬದಲಾದ ಬಗೆ

ಮೊಗೇರಿ ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ ‘ಭಾವತರಂಗ’ 1946ರಲ್ಲಿ ಬಂತು. ಅಲ್ಲಿಂದ 1992ರಲ್ಲಿ ಅವರು ತೀರಿಕೊಳ್ಳುವವರೆಗಿನ ಸುಮಾರು ಅರ್ಧ ಶತಮಾನದಲ್ಲಿ ‘ಕವಿತೆ ಎಂದರೇನು, ಅದು ಯಾತಕ್ಕೆ’ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಹಲವು ಬಾರಿ ಬದಲಾಯಿತು. ಒಂದೊಂದು ಬದಲಾವಣೆಯ ಗುರುತೂ ಒಂದೊಂದು ಸಂಕಲನದಲ್ಲಿ ಉಳಿದಿದೆ. ಹೊಸಗನ್ನಡ ಕಾವ್ಯದ ನವೋದಯ, ಪ್ರಗತಿಶೀಲ, ನವ್ಯ ಎಂಬ ಘಟ್ಟಗಳನ್ನು ಒಬ್ಬನೇ ಕವಿಯ ಬರವಣಿಗೆಯೊಳಗೆ ಸಾಲಾಗಿ ನೋಡಬೇಕೆಂದರೆ ಅಡಿಗರಷ್ಟು ಸ್ಪಷ್ಟವಾದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಅಡಿಗರು ಹುಟ್ಟಿದ್ದು 1918ರ ಫೆಬ್ರವರಿ 18ರಂದು, ಕುಂದಾಪುರ ಸೀಮೆಯ ಮೊಗೇರಿಯಲ್ಲಿ. ಅವರು ಬರೆಯತೊಡಗಿದಾಗ ಕನ್ನಡದಲ್ಲಿ ಕಾವ್ಯವೆಂದರೆ ಭಾವಗೀತೆ ಎಂಬ ಮಾತು ನೆಲೆಯೂರಿತ್ತು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದು ಹೊಸ ಛಂದಸ್ಸುಗಳ ದಾರಿ ತೆರೆದಿತ್ತು. ಕುವೆಂಪು ಅವರ ‘ಕೊಳಲು’ 1930ರಲ್ಲಿ, ಬೇಂದ್ರೆಯವರ ‘ಗರಿ’ 1932ರಲ್ಲಿ ಬಂದಿದ್ದವು. ಹೆಸರುಗಳನ್ನು ಗಮನಿಸಬೇಕು: ಒಂದು ಉಸಿರು ತುಂಬಿದರೆ ನುಡಿಯುವ ವಾದ್ಯ, ಇನ್ನೊಂದು ಹಾರುವ ಹಕ್ಕಿಯದು. ಕವಿತೆ ಕವಿಯ ಮೂಲಕ ಬರುವಂಥದು, ಅವನು ಅದಕ್ಕೆ ದಾರಿ ಬಿಡಬೇಕಾದವನು ಎಂಬ ನಂಬಿಕೆ ಆ ಹೆಸರುಗಳಲ್ಲೇ ಇದೆ. ‘ಭಾವತರಂಗ’ ಎಂಬ ಹೆಸರೂ ಅದೇ ಕುಲದ್ದು. ಭಾವ ಅಲೆಯಾಗಿ ಏಳುತ್ತದೆ, ಆ ಅಲೆಯೇ ಕವಿತೆ. ಆ ಸಂಕಲನಕ್ಕೆ ಬೇಂದ್ರೆಯವರೇ ಮುನ್ನುಡಿ ಬರೆದರು. ನವೋದಯದ ಹಿರಿಯ ಕವಿಯೊಬ್ಬರು ಕಿರಿಯನನ್ನು ತಮ್ಮ ಮನೆಯವನೆಂದು ಒಳಗೆ ಕರೆದುಕೊಂಡ ಸಂದರ್ಭವದು.

ಆದರೆ ಆ ಕಾಲದ ಕವಿತೆಗಳ ನಡುವೆಯೇ ‘ನನ್ನ ನುಡಿ’ ಎಂಬುದೊಂದಿದೆ. ಬೇರೆಯವರು ಹೇಳಿದ್ದನ್ನೇ ಮತ್ತೆ ಮತ್ತೆ ಬರೆದು ದಣಿದ ಮನಸ್ಸಿನ ಸಂಕಟ ಅದರ ವಸ್ತು. ತನ್ನ ಒಳಗನ್ನು ತನ್ನದೇ ಮಾತಿನಲ್ಲಿ ಹೇಳುವ ಶಕ್ತಿ ಬರುವವರೆಗೆ ಬರೆದದ್ದು ತನ್ನದಲ್ಲ ಎಂಬ ಅರಿವು ಅಲ್ಲಿದೆ. ಅಡಿಗರ ಕಾವ್ಯವಿಚಾರದ ಬೀಜ ಇದೇ ಎನ್ನಬೇಕು. ಮುಂದೆ ಅವರು ಬದಲಾಯಿಸಿದ ಪ್ರತಿಯೊಂದೂ, ಪದ, ಪ್ರತಿಮೆ, ಲಯ, ಕೊನೆಗೆ ಕವಿಯ ಸ್ಥಾನ ಕೂಡ, ಈ ಒಂದು ಅತೃಪ್ತಿಯಿಂದಲೇ ಹೊರಟದ್ದು. ಆ ಹೊತ್ತಿಗೆ ಅವರಿಗೆ ಬೇಕಾದದ್ದೇನೆಂದು ಗೊತ್ತಿತ್ತು, ಅದಕ್ಕೆ ಬೇಕಾದ ಸಲಕರಣೆ ಮಾತ್ರ ಕೈಯಲ್ಲಿರಲಿಲ್ಲ. ಸ್ವಂತ ನುಡಿ ಬೇಕೆಂಬ ಹಂಬಲವನ್ನೂ ನವೋದಯದ ಇಂಪಾದ ನುಡಿಯಲ್ಲೇ ಹೇಳಬೇಕಾಗಿ ಬಂದದ್ದು ಆ ಕವಿತೆಯ ನಿಜವಾದ ಕಷ್ಟ.

ಎರಡನೆಯ ಸಂಕಲನ ‘ಕಟ್ಟುವೆವು ನಾವು’ 1948ರದು. ದೇಶ ಸ್ವತಂತ್ರವಾಗಿ ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ಪ್ರಗತಿಶೀಲ ಚಳವಳಿ ಸಾಹಿತ್ಯವನ್ನು ಸಮಾಜದ ಕೆಲಸಕ್ಕೆ ಕರೆಯುತ್ತಿದ್ದ ಕಾಲವೂ ಅದೇ. ಇಲ್ಲಿ ಕವಿತೆಯ ಕರ್ತೃಪದ ಬದಲಾಗುತ್ತದೆ. ‘ಭಾವತರಂಗ’ದಲ್ಲಿ ಇದ್ದದ್ದು ಒಂಟಿ ‘ನಾನು’, ಇಲ್ಲಿ ಬಂದದ್ದು ‘ನಾವು’. ಕವಿತೆ ಕರೆಯಾಗುತ್ತದೆ, ಹತ್ತು ಜನ ಕೂಡಿ ಹೇಳಬಹುದಾದ ಪ್ರತಿಜ್ಞೆಯಾಗುತ್ತದೆ. ಹೊಸ ನಾಡಿನ ಕನಸಿನಲ್ಲಿ ಜಾತಿ, ಬಡತನ, ಜಡತೆ ಅಳಿಯಬೇಕೆಂಬ ಆವೇಶ ಪ್ರಾಮಾಣಿಕವಾದದ್ದು. ಅಷ್ಟಾದರೂ ಕವಿತೆಯ ಹುಟ್ಟಿನ ಬಗೆಗಿನ ಕಲ್ಪನೆ ಇಲ್ಲಿ ಹೆಚ್ಚು ಬದಲಾಗಿಲ್ಲ. ಒಬ್ಬನ ಎದೆಯಿಂದ ಉಕ್ಕುತ್ತಿದ್ದದ್ದು ಈಗ ಹಲವರ ಎದೆಯಿಂದ ಉಕ್ಕುತ್ತದೆ. ಉಕ್ಕುವುದೇ ಕಾವ್ಯ ಎಂಬ ಮಾತು ಹಾಗೆಯೇ ನಿಂತಿದೆ.

1952ರ ‘ನಡೆದು ಬಂದ ದಾರಿ’ ಹೊರಳಿ ನೋಡುವ ಪುಸ್ತಕ. ಸ್ವಾತಂತ್ರ್ಯದ ಬಳಿಕದ ನಾಲ್ಕೈದು ವರ್ಷಗಳಲ್ಲಿ ಕಂಡ ಅಧಿಕಾರದ ಆಸೆ, ಸ್ವಾರ್ಥ, ಆದರ್ಶದ ಬಣ್ಣ ಮಾಸಿದ್ದು ಕವಿಯನ್ನು ಕಲಕಿತ್ತು. ಆದರೆ ಆ ಹೊತ್ತಿನ ಇಕ್ಕಟ್ಟು ಬರೀ ರಾಜಕೀಯದ್ದಲ್ಲ, ಮಾತಿನದ್ದು ಕೂಡ. ವೇದಿಕೆಯ ಭಾಷಣಕಾರ, ಪತ್ರಿಕೆಯ ಲೇಖಕ, ಚುನಾವಣೆಯ ಅಭ್ಯರ್ಥಿ ಎಲ್ಲರೂ ಬಳಸಿ ಬಳಸಿ ಸವೆಸಿದ ‘ಬೆಳಕು’, ‘ಉಷೆ’, ‘ಕನಸು’, ‘ಹೊಸ ಯುಗ’ ಎಂಬ ಪದಗಳನ್ನೇ ಕವಿಯೂ ಬಳಸಬೇಕಾಗಿತ್ತು. ಸುಳ್ಳಿಗೆ ಒದಗಿದ ಮಾತು ನಿಜಕ್ಕೆ ಒದಗುವುದು ಹೇಗೆ? ಈ ಪ್ರಶ್ನೆಯೇ ಮುಂದಿನ ಹೆಜ್ಜೆಯನ್ನು ಅನಿವಾರ್ಯ ಮಾಡಿತು.

ದಾರಿ ಪೂರ್ತಿ ಹೊಸದೇನಲ್ಲ. 1939ರಲ್ಲಿ ಇಟಲಿಯಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಪೇಜಾವರ ಸದಾಶಿವರಾಯರು ‘ನಾಟ್ಯೋತ್ಸವ’ದಂಥ ಕವಿತೆಯಲ್ಲಿ ಪ್ರಾಸ ಬಿಟ್ಟ, ಮುರಿದ ಸಾಲಿನ ಪ್ರಯೋಗ ಮಾಡಿದ್ದರು. ವಿ.ಕೃ. ಗೋಕಾಕರು ‘ನವ್ಯ’ ಎಂಬ ಹೆಸರನ್ನು ಚಲಾವಣೆಗೆ ತಂದಿದ್ದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅಡಿಗರಿಗೆ ಎಲಿಯಟ್, ಯೇಟ್ಸ್, ಆಡೆನ್ ಅವರ ಕಾವ್ಯ ಹತ್ತಿರದ್ದಾಗಿತ್ತು. ಆದರೂ ಹೊಸ ಕಾವ್ಯಕ್ಕೆ ಮೈ ಬಂದದ್ದು 1954ರ ‘ಚಂಡೆಮದ್ದಳೆ’ಯಲ್ಲಿ.

ಆ ಹೆಸರನ್ನು ಒಂದು ಘೋಷಣೆಯೆಂದೇ ಓದಬೇಕು. ಚಂಡೆ, ಮದ್ದಳೆ ಎರಡೂ ಯಕ್ಷಗಾನದ ವಾದ್ಯಗಳು. ಕರಾವಳಿಯ ಗದ್ದೆ ಬಯಲಿನಲ್ಲಿ ರಾತ್ರಿಯಿಡೀ ಕೇಳುವ ಸದ್ದು. ಚಂಡೆ ಮೈಲುಗಟ್ಟಲೆ ಕೇಳಿಸುತ್ತದೆ, ನಿದ್ದೆ ಕೆಡಿಸುತ್ತದೆ, ರಾಕ್ಷಸವೇಷ ರಂಗಕ್ಕೆ ಬರುವಾಗ ಎದೆ ನಡುಗಿಸುತ್ತದೆ. ಕೊಳಲಿನ ಕಾವ್ಯದ ಎದುರು ಅಡಿಗರು ಇಟ್ಟದ್ದು ಈ ಸದ್ದನ್ನು. ನವ್ಯವನ್ನು ಇಂಗ್ಲಿಷಿನಿಂದ ಬಂದ ಸರಕು ಎಂದು ಹೇಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದರ ಮೊದಲ ಮುಖ್ಯ ಪುಸ್ತಕ ತನ್ನ ಹೆಸರನ್ನು ಕುಂದಾಪುರದ ಕಡೆಯ ಮೇಳದಿಂದ ಎತ್ತಿಕೊಂಡಿತೆಂಬುದನ್ನು ಆ ಆರೋಪದ ಜೊತೆಗೇ ಇಟ್ಟು ನೋಡಬೇಕು.

‘ಚಂಡೆಮದ್ದಳೆ’ಯ ಹೊತ್ತಿಗೆ ಅಡಿಗರ ವಿಚಾರ ಹೀಗೆ ತಿರುಗಿತ್ತು: ಭಾವವನ್ನು ಹೆಸರಿಸಿದರೆ ಅದು ಕಾವ್ಯವಾಗುವುದಿಲ್ಲ. ದುಃಖವಾಯಿತು ಎಂದರೆ ಓದುಗನಿಗೆ ದುಃಖವಾಗುವುದಿಲ್ಲ. ಆ ದುಃಖವನ್ನು ಹೊತ್ತು ನಿಲ್ಲುವ ವಸ್ತು, ಸನ್ನಿವೇಶ, ಪ್ರತಿಮೆ ಬೇಕು. ಎಲಿಯಟ್ 1919ರಲ್ಲಿ ‘ಹ್ಯಾಮ್ಲೆಟ್’ ನಾಟಕದ ಬಗ್ಗೆ ಬರೆಯುತ್ತ ಮಂಡಿಸಿದ ಈ ವಿಚಾರ ಕನ್ನಡದಲ್ಲಿ ‘ವಸ್ತುಪ್ರತಿರೂಪ’ ಎಂಬ ಹೆಸರಿನಿಂದ ಬಳಕೆಗೆ ಬಂತು. ವಿಭಾವ, ಅನುಭಾವಗಳಿಂದ ರಸ ಹುಟ್ಟುತ್ತದೆ ಎಂದು ಕೇಳಿ ಬೆಳೆದ ನಾಡಿಗೆ ಇದು ತೀರ ಅಪರಿಚಿತ ತತ್ತ್ವವಾಗಿರಲಿಲ್ಲ. ಹೊಸದೆಂದರೆ ಪ್ರತಿಮೆಗಳ ಊರು. ‘ಗೊಂದಲಪುರ’ದಲ್ಲಿ ಸ್ವಾತಂತ್ರ್ಯೋತ್ತರ ಭಾರತವೇ ದಿಕ್ಕುತಪ್ಪಿದ ಪಟ್ಟಣ. ‘ಹಿಮಗಿರಿಯ ಕಂದರ’ದಲ್ಲಿ ಹಿಮಾಲಯ ಹಳೆಯ ಸ್ತೋತ್ರಗಳ ಪಾವನ ಶಿಖರವಾಗಿ ಉಳಿಯದೆ ಮನಸ್ಸಿನ ಕತ್ತಲ ಗುಹೆಯಾಗುತ್ತದೆ. ದೇವಾಲಯದ ಪದದ ಪಕ್ಕದಲ್ಲಿ ಕಚೇರಿಯ ಪದ, ಉಪನಿಷತ್ತಿನ ಪಕ್ಕದಲ್ಲಿ ಅಡುಗೆಮನೆಯ ಮಾತು ಬಂದು ಕೂರುತ್ತವೆ. ಕವಿತೆಗೆ ಯೋಗ್ಯವಾದ ಪದ, ಅಯೋಗ್ಯವಾದ ಪದ ಎಂಬ ಭೇದ ಅಳಿಸಿಹೋಗುತ್ತದೆ.

ಕವಿತೆಯೊಳಗೆ ಮಾತಾಡುವವನೂ ಬದಲಾದ. ‘ನಾನು’ ಎಂಬುದು ಇನ್ನು ಕವಿಯ ಹೃದಯವಲ್ಲ, ‘ನಾವು’ ಎಂಬುದು ಸೇನೆಯೂ ಅಲ್ಲ. ಒಂದೇ ಕವಿತೆಯಲ್ಲಿ ಹಲವು ದನಿಗಳು, ವೇಷಗಳು ಬಂದುಹೋಗುತ್ತವೆ. ಇಲ್ಲಿಯೂ ಯಕ್ಷಗಾನ ನೆನಪಿಗೆ ಬರುತ್ತದೆ: ಭಾಗವತರ ಹಾಡು ನಿಂತಾಗ ವೇಷಧಾರಿಯ ಆಡುಮಾತಿನ ಅರ್ಥಗಾರಿಕೆ ಶುರುವಾಗುತ್ತದೆ, ಪದ್ಯ ಗದ್ಯಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ.

ಓದುಗರಲ್ಲಿ ಅನೇಕರಿಗೆ ಇದು ಕಠಿಣವಾಯಿತು. ಅರ್ಥವಾಗುವುದಿಲ್ಲ, ಹಾಡಲಾಗುವುದಿಲ್ಲ, ಕಾವ್ಯವೇ ಅಲ್ಲ ಎಂಬ ಆಕ್ಷೇಪಗಳು ಎದ್ದವು. ಅನುಭವವೇ ಜಟಿಲವಾದಾಗ ಅದನ್ನು ಸರಳಗೊಳಿಸಿ ಹೇಳುವುದು ಅಪ್ರಾಮಾಣಿಕತೆ ಎಂಬುದು ನವ್ಯರ ಉತ್ತರ. ಉತ್ತರ ಪೂರ್ತಿ ಸಮಾಧಾನ ಕೊಡುವಂಥದಲ್ಲ, ಏಕೆಂದರೆ ಸರಳತೆಯಲ್ಲೂ ಆಳವಿರಬಹುದೆಂಬುದಕ್ಕೆ ವಚನ, ಕೀರ್ತನೆಗಳು ಸಾಕ್ಷಿ. ಆದರೆ ಆ ದಶಕದಲ್ಲಿ ಆ ಉತ್ತರದ ಅಗತ್ಯವಿತ್ತು. ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಕೂಡ 1958ರ ‘ಶಿಲಾಲತೆ’ಯಲ್ಲಿ ಬೇರೆ ದಾರಿ ಹಿಡಿದದ್ದು ಅಡಿಗರ ಪ್ರಶ್ನೆ ಎಷ್ಟು ದೂರ ಮುಟ್ಟಿತ್ತು ಎಂಬುದನ್ನು ತೋರಿಸುತ್ತದೆ.

ಇಲ್ಲಿ ಛಂದಸ್ಸಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಡಿಗರು ಲಯವನ್ನು ಬಿಟ್ಟು ಗದ್ಯ ಬರೆದರು ಎಂಬ ಮಾತು ಬಹಳ ಕಾಲ ಓಡಾಡಿತು. ಎಣಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ನವೋದಯದ ನೆರಳಿನ ‘ನನ್ನ ನುಡಿ’ಯ ಸಾಲುಗಳು ಐದು ಮಾತ್ರೆಯ ಗಣಗಳಲ್ಲಿ ನಡೆಯುತ್ತವೆ. ನವ್ಯದ ತುದಿಯಲ್ಲಿ ನಿಂತ ‘ಭೂತ’ ಎಂಬ ಕವಿತೆಯಲ್ಲೂ ಗಣ ಗಣಕ್ಕೆ ಐದೇ ಮಾತ್ರೆ ಬೀಳುತ್ತದೆ. ಲಲಿತ ರಗಳೆಯ ಗಣವೂ ಅದೇ, ರಾಘವಾಂಕ ಮತ್ತು ಲಕ್ಷ್ಮೀಶರ ವಾರ್ಧಕ ಷಟ್ಪದಿಯ ಗಣವೂ ಅದೇ. ಹಾಗಾದರೆ ಬದಲಾದದ್ದೇನು? ಸಾಲು ಮುಗಿಯುವಲ್ಲಿ ಅರ್ಥ ಮುಗಿಯುವುದಿಲ್ಲ. ವಾಕ್ಯ ಸಾಲನ್ನು ದಾಟಿ ಹರಿದು ಮುಂದಿನ ಸಾಲಿನ ನಡುವೆ ತಟಕ್ಕನೆ ನಿಲ್ಲುತ್ತದೆ. ಒಂದು ಸಾಲು ಉದ್ದ, ಇನ್ನೊಂದು ಎರಡೇ ಪದ. ಅಂತ್ಯಪ್ರಾಸ ತನ್ನ ನಿಯತ ಜಾಗ ಬಿಟ್ಟು ಸಾಲಿನೊಳಗೆ ಎಲ್ಲೆಂದರಲ್ಲಿ ಸಿಡಿಯುತ್ತದೆ. ಹಳೆಯ ಗಣ ಒಳಗೆ ಮದ್ದಳೆಯಂತೆ ಬಡಿಯುತ್ತಲೇ ಇರುತ್ತದೆ, ಅದರ ಮೇಲೆ ಆಡುಮಾತು ತನ್ನ ಏರಿಳಿತದಲ್ಲಿ ಓಡುತ್ತದೆ. ಇವೆರಡರ ಜಗ್ಗಾಟವೇ ಅಡಿಗರ ಲಯ. ಅವರನ್ನು ಅನುಕರಿಸಿದ ಅನೇಕರು ಮುರಿದ ಸಾಲನ್ನು ಮಾತ್ರ ಕಂಡರು, ಒಳಗಿನ ಬಡಿತವನ್ನು ಕೇಳಿಸಿಕೊಳ್ಳಲಿಲ್ಲ. ಅವರ ಕವಿತೆಗಳು ಬೇಗ ಒಣಗಿದ್ದಕ್ಕೆ ಇದೊಂದು ಮುಖ್ಯ ಕಾರಣ.

1959ರ ‘ಭೂಮಿಗೀತ’ದಲ್ಲಿ ಈ ವಿಚಾರ ಇನ್ನೊಂದು ಪದರಕ್ಕೆ ಇಳಿಯಿತು. ನವೋದಯಕ್ಕೆ ಭೂಮಿ ತಾಯಿ, ಪ್ರಕೃತಿ ದೈವದ ಮುಖ. ಅಡಿಗರ ಶೀರ್ಷಿಕೆಯ ಕವಿತೆಯಲ್ಲಿ ಭೂಮಿ ಹೆತ್ತು ಸಾಕುವವಳೂ ಹೌದು, ಕಟ್ಟಿಹಾಕಿ ನುಂಗುವವಳೂ ಹೌದು. ಮನುಷ್ಯ ಪೂರ್ತಿ ಅವಳ ಮಗನಲ್ಲ, ಅವಳನ್ನು ಬಿಟ್ಟು ಹಾರಬಲ್ಲವನೂ ಅಲ್ಲ. ಸಂಕಲನಕ್ಕೆ ಮುನ್ನುಡಿ ಬರೆದವರು ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಯು.ಆರ್. ಅನಂತಮೂರ್ತಿ. ಮೊದಲ ಪುಸ್ತಕಕ್ಕೆ ಹಿರಿಯ ಕವಿಯ ಆಶೀರ್ವಾದವಿತ್ತು. ಹದಿಮೂರು ವರ್ಷಗಳ ನಂತರ ಕವಿತೆಯನ್ನು ಓದುವ ಹೊಸ ಕ್ರಮವನ್ನು ಹೇಳಿಕೊಡುವ ಕಿರಿಯ ವಿಮರ್ಶಕ ಬೇಕಾದ. ಕಾವ್ಯ ಮತ್ತು ಓದುಗರ ಸಂಬಂಧ ಅಷ್ಟರೊಳಗೆ ಎಷ್ಟು ಬದಲಾಗಿತ್ತೆಂಬುದಕ್ಕೆ ಈ ಎರಡು ಮುನ್ನುಡಿಗಳೇ ಗುರುತು.

ಕಾವ್ಯವಿಚಾರದ ದೃಷ್ಟಿಯಿಂದ ಆ ಕಾಲದ ಅತಿ ಮುಖ್ಯ ಕವಿತೆ ‘ಭೂತ’. ಕನ್ನಡದಲ್ಲಿ ಆ ಪದಕ್ಕೆ ಕಳೆದುಹೋದ ಕಾಲ ಎಂದೂ ಅರ್ಥ, ಸತ್ತರೂ ಬಿಡದೆ ಕಾಡುವ ಪ್ರೇತ ಎಂದೂ ಅರ್ಥ. ಭೂತಾರಾಧನೆಯ ಕರಾವಳಿಯಲ್ಲಿ ಅದು ದೈವದ ಹೆಸರು ಕೂಡ. ಪರಂಪರೆಯನ್ನು ಕುರಿತು ಚಿಂತಿಸಲು ಇದಕ್ಕಿಂತ ಒದಗುವ ಪದ ಬೇರೆ ಭಾಷೆಯಲ್ಲಿ ಸಿಕ್ಕೀತೆಂದು ತೋರುವುದಿಲ್ಲ. ಹಿಂದಿನವರು ಪೀಡೆಯಾಗಿ ಕಾಡುತ್ತಾರೆ. ಹಾಗೆಂದು ಅವರನ್ನು ಉಚ್ಚಾಟಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕವಿತೆ ಕಂಡುಕೊಳ್ಳುವ ದಾರಿ ಅಗೆಯುವುದು. ಮೇಲಿನ ಮಣ್ಣನ್ನು ದಾಟಿ ತಳಕ್ಕೆ ಗುದ್ದಲಿ ಮುಟ್ಟಿದರೆ ಚಿನ್ನದ ಅದಿರು ಸಿಕ್ಕೀತು. ಅದನ್ನು ಹೊರತೆಗೆದು, ಸುಟ್ಟು, ಸೋಸಿ, ಕಾಯಿಸಿ ಬಡಿದು, ತನ್ನ ಇಷ್ಟದೇವತೆಯ ವಿಗ್ರಹ ಮಾಡಿಕೊಳ್ಳುವ ಕಸುಬನ್ನು ಕಲಿಯಬೇಕು.

‘ಕಸುಬು’ ಎಂಬುದು ಆ ಕವಿತೆಯದೇ ಪದ. ತರಂಗ ತಾನಾಗಿ ಏಳುತ್ತದೆ. ಅದಿರು ತಾನಾಗಿ ಮೇಲೆ ಬರುವುದಿಲ್ಲ. ಹದಿಮೂರು ವರ್ಷಗಳಲ್ಲಿ ಕವಿ ಕೊಳಲು ಊದುವವನಿಂದ ಅಗೆಯುವವನಾಗಿ, ಅಕ್ಕಸಾಲಿಗನಾಗಿ ಬದಲಾಗಿದ್ದ. ಕವಿತೆ ಸ್ಫೂರ್ತಿಯ ಕೊಡುಗೆ ಎಂಬ ನಂಬಿಕೆಯ ಜಾಗದಲ್ಲಿ ಅದು ದುಡಿಮೆ, ಮೈಬಗ್ಗಿಸಿ ಕಲಿಯಬೇಕಾದ ವಿದ್ಯೆ ಎಂಬ ನಂಬಿಕೆ ಬಂತು. ಪರಂಪರೆಯೂ ಹಾಗೆಯೇ, ಹುಟ್ಟಿನಿಂದ ಬರುವ ಆಸ್ತಿಯಾಗಿರದೆ ಶ್ರಮದಿಂದ ಗಳಿಸಬೇಕಾದದ್ದು ಎಂಬ ಎಲಿಯಟ್‌ನ ವಾದ ಇದರ ಹಿಂದಿರಬಹುದು. ಅದು ಇಲ್ಲಿ ಗುದ್ದಲಿ, ಕುಲುಮೆ, ಇಷ್ಟದೇವತೆಗಳ ಮೂಲಕ ಕನ್ನಡದ ಸ್ವಂತ ವಿಚಾರವಾಗಿದೆ. ‘ನನ್ನ ನುಡಿ’ಯಲ್ಲಿ ಅನ್ಯರ ಮಾತು ಬರೀ ಹೊರೆಯಾಗಿತ್ತು, ‘ಭೂತ’ದಲ್ಲಿ ಅದೇ ಅನ್ಯರ ಮಾತು ಕರಗಿಸಿ ತನ್ನದಾಗಿಸಿಕೊಳ್ಳಬಹುದಾದ ಲೋಹ. ಸ್ವಂತಿಕೆಯ ಅರ್ಥವೇ ಬದಲಾದ ಜಾಗ ಇದು.

‘ಭೂಮಿಗೀತ’ದ ನಂತರದ ಸಂಕಲನ ‘ವರ್ಧಮಾನ’ 1972ರಲ್ಲಿ ಬಂತು. ನಡುವೆ ಹದಿಮೂರು ವರ್ಷಗಳ ಅಂತರ. ಈ ಅವಧಿಯಲ್ಲಿ ಅಡಿಗರು ಮೈಸೂರಿನ ಸಂತ ಫಿಲೋಮಿನಾ ಕಾಲೇಜಿನಿಂದ ಸಾಗರಕ್ಕೆ, ಅಲ್ಲಿಂದ ಉಡುಪಿಗೆ ಪ್ರಾಂಶುಪಾಲರಾಗಿ ಹೋದರು. 1962ರಲ್ಲಿ ‘ಸಾಕ್ಷಿ’ ಪತ್ರಿಕೆ ಆರಂಭಿಸಿದರು. ಕವಿತೆಯನ್ನು ಪದ ಪದವಾಗಿ ಬಿಡಿಸಿ ಓದುವ ವಿಮರ್ಶೆ, ಹೊಸ ಬರಹಗಾರರ ಕತೆ-ಕವಿತೆ, ಶಿಕ್ಷಣ ಮತ್ತು ರಾಜಕೀಯದ ಚರ್ಚೆ ಅದರಲ್ಲಿ ನಡೆದವು. ‘ಮಣ್ಣಿನ ವಾಸನೆ’ಯಂಥ ಗದ್ಯದಲ್ಲಿ ಅವರು ಸಾಹಿತ್ಯ ತಾನು ಹುಟ್ಟಿದ ನೆಲದ, ಆಡುವ ಮಾತಿನ ಗುಣವನ್ನು ಹೊತ್ತಿರಬೇಕೆಂದು ವಾದಿಸಿದರು. ಒಬ್ಬ ಕವಿ ತನಗಾಗಿ ಹುಡುಕಿಕೊಂಡ ದಾರಿ ಒಂದು ಪೀಳಿಗೆಯ ಕಟ್ಟಳೆಯಾಗತೊಡಗಿದ್ದೂ ಈಗಲೇ. ಆತ್ಮಶೋಧನೆ, ಅನಾಥಪ್ರಜ್ಞೆ, ಪ್ರತಿಮಾನಿಷ್ಠೆ ಎಂಬ ಪದಗಳು ಪರೀಕ್ಷೆಯ ಉತ್ತರಪತ್ರಿಕೆಗೂ ಬಂದವು. 1973ರಲ್ಲಿ ಪೂರ್ಣಚಂದ್ರ ತೇಜಸ್ವಿ ‘ಅಬಚೂರಿನ ಪೋಸ್ಟಾಫೀಸು’ ಪುಸ್ತಕದ ಮುನ್ನುಡಿಯಲ್ಲಿ ನವ್ಯದಿಂದ ದೂರ ಸರಿದದ್ದು ಈ ಕಟ್ಟಳೆಯ ಬಿಗಿಗೆ ಬಂದ ಪ್ರತಿಕ್ರಿಯೆ.

ಅಡಿಗರು ಆ ಹೊತ್ತಿಗೆ ತಾವೇ ಬೇರೆಡೆ ಹೊರಟಿದ್ದರು. ‘ಶ್ರೀರಾಮನವಮಿಯ ದಿವಸ’ ಕವಿತೆ ಹಬ್ಬದ ಪಾನಕ, ಕೋಸಂಬರಿಗಳ ಲೋಕದಿಂದ ಹೊರಟು ವಾಲ್ಮೀಕಿಯ ಹುತ್ತಕ್ಕೆ ಬಂದು ನಿಲ್ಲುತ್ತದೆ. ಕವಿಯ ಮನಸ್ಸು ವಾಲ್ಮೀಕಿಯ ಹಾಗೆ ಹುತ್ತದೊಳಗೆ ಹುದುಗದೆ ಹೋದರೆ ರಾಮನಂಥ ಪೂರ್ಣ ಮನುಷ್ಯನ ಆಕಾರ ಮೂಡಲು ಸಾಧ್ಯವೇ ಎಂಬುದು ಅದರ ಪ್ರಶ್ನೆ. ‘ಕೂಪಮಂಡೂಕ’ವನ್ನು ವಿಮರ್ಶಕರು ಕವಿಯ ನಡುವಯಸ್ಸಿನ ಬರಗಾಲದ ಕವಿತೆಯಾಗಿ ಓದಿದ್ದಾರೆ. ಬಾವಿಯ ಕಪ್ಪೆ ಎಂಬ ಬೈಗುಳ ಅಲ್ಲಿ ತಿರುವುಮುರುವಾಗಿ, ಕೆಸರಿನಲ್ಲಿ ಕಾದು ಕೂರುವ ತಾಳ್ಮೆಯ ಚಿತ್ರವಾಗುತ್ತದೆ. ‘ಭೂತ’ದಲ್ಲಿ ಕವಿ ದುಡಿಯುವವನು, ಇಲ್ಲಿ ಕಾಯುವವನು. ದುಡಿಮೆಯಿಂದಷ್ಟೇ ಎಲ್ಲ ದಕ್ಕುವುದಿಲ್ಲ, ಒಳಗೆ ಏನೋ ಬೆಳೆಯಲು ಬಿಡಬೇಕು ಎಂಬ ಅರಿವು ಬಂದಿದೆ. ನವೋದಯದ ಸ್ಫೂರ್ತಿಯ ಕಡೆಗೆ ಇದು ಅರ್ಧ ಹೆಜ್ಜೆ ಮರಳಿದಂತೆ ಕಂಡರೂ ಹುತ್ತಕ್ಕೂ ಕೊಳಲಿಗೂ ಬಹಳ ದೂರ. ಹುತ್ತದಲ್ಲಿ ನೋವಿದೆ, ಕತ್ತಲಿದೆ, ಕಾಲವಿದೆ. ‘ವರ್ಧಮಾನ’ಕ್ಕೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ರಾಜಕೀಯ ಅವರ ಕಾವ್ಯದಿಂದ ಎಂದೂ ದೂರವಿರಲಿಲ್ಲ. ‘ನೆಹರೂ ನಿವೃತ್ತರಾಗುವುದಿಲ್ಲ’ ಬರೆದ ಕವಿ, ಅಧಿಕಾರದ ಮುಂದೆ ಹೊಗಳುಭಟ್ಟನಾಗಲಾರೆನೆಂದು ‘ಪ್ರಾರ್ಥನೆ’ಯಲ್ಲಿ ಹೇಳಿದ ಕವಿ ಅವರು. ಸಮಾಜವಾದಿ ಗೆಳೆಯರ ಒಡನಾಟದಲ್ಲಿದ್ದವರು 1971ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನಿಂದ ಜನಸಂಘದ ಅಭ್ಯರ್ಥಿಯಾಗಿ ನಿಂತು ಸೋತರು. ಈ ನಿಲುವು ಅವರ ಶಿಷ್ಯರಲ್ಲೇ ಹಲವರನ್ನು ನೋಯಿಸಿತು. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಅದರ ವಿರುದ್ಧ ಕವಿತೆ ಬರೆದರು. ಅದೇ ವರ್ಷದ ‘ಇದನ್ನು ಬಯಸಿರಲಿಲ್ಲ’ದಿಂದ ಮುಂದಕ್ಕೆ ಅವರ ಶೈಲಿ ತಿಳಿಯಾಗುತ್ತ ಹೋಗುವುದನ್ನು ಕಾಣಬಹುದು. ಪ್ರತಿಮೆಗಳ ದಟ್ಟಣೆ ಕಡಿಮೆಯಾಗುತ್ತದೆ, ಹೇಳಿಕೆ ನೇರವಾಗುತ್ತದೆ, ಐದು ಮಾತ್ರೆಯ ಹಿಡಿತ ಸಡಿಲಿ ಮಾತಿನ ಗದ್ಯಲಯ ಮುಂದೆ ಬರುತ್ತದೆ. ಅಡಿಗರ ಶಕ್ತಿ ಇಳಿಯಿತು ಎಂದವರಿದ್ದಾರೆ. ಕೆಲವು ಕವಿತೆಗಳ ಮಟ್ಟಿಗೆ ಅದು ನಿಜ. ಆದರೆ ಪ್ರಭುತ್ವ ಬಾಯಿ ಮುಚ್ಚಿಸುವ ಕಾಲದಲ್ಲಿ ಒಗಟಾಗಿ ಮಾತಾಡಬಾರದೆಂಬ ಒತ್ತಡವೂ ಅದರ ಹಿಂದಿದೆ; ಜಟಿಲತೆಯನ್ನು ಪ್ರಾಮಾಣಿಕತೆಯ ಗುರುತೆಂದು ಹಿಡಿದಿದ್ದ ಕವಿಗೆ ಇದು ಸಣ್ಣ ಬದಲಾವಣೆಯಲ್ಲ.

ಅಷ್ಟರಲ್ಲಿ ಕನ್ನಡ ಕಾವ್ಯದ ನೆಲ ಇನ್ನೊಮ್ಮೆ ಕದಲಿತ್ತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದು, ಹಾಡು ಮತ್ತು ‘ನಾವು’ ಎರಡನ್ನೂ ಬೇರೆ ಬಾಯಿಯಿಂದ ಮರಳಿ ತಂದಿತು. ಅಡಿಗರು ಅಧ್ಯಕ್ಷರಾಗಿದ್ದ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಯನ್ನು ಸಂಘಟಕರು ಒಪ್ಪಲಿಲ್ಲ. ಅದರ ಬೆನ್ನಿಗೇ 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ನವ್ಯದ ‘ನಾನು’ ಯಾರ ನಾನು, ಅಗೆದು ತೆಗೆಯಬೇಕಾದ ಚಿನ್ನ ಯಾರ ನೆಲದ್ದು ಎಂಬ ಪ್ರಶ್ನೆಯನ್ನು ಬಂಡಾಯದವರು ಎತ್ತಿದರು. ಪರಂಪರೆಯ ಗಣಿಗೆ ಇಳಿಯಲು ಎಲ್ಲರಿಗೂ ಸಮನಾದ ಹಕ್ಕಿರಲಿಲ್ಲವೆಂಬುದು ‘ಭೂತ’ದ ವಿಚಾರದೊಳಗೆ ಉಳಿದಿದ್ದ ಕೊರತೆ, ಆ ಕೊರತೆಯನ್ನು ಅಡಿಗರ ಮುಂದಿನ ಕವಿತೆಗಳು ಪೂರ್ತಿ ತುಂಬಿದವೆಂದು ಹೇಳಲಾಗದು.

ಕೊನೆಯ ದಶಕದ ಸಂಕಲನಗಳಲ್ಲಿ, ‘ಬತ್ತಲಾರದ ಗಂಗೆ’, ‘ಚಿಂತಾಮಣಿಯಲ್ಲಿ ಕಂಡ ಮುಖ’, ‘ಬಾ ಇತ್ತ ಇತ್ತ’ ಮೊದಲಾದವುಗಳಲ್ಲಿ, ಹುಡುಕಾಟದ ದಿಕ್ಕು ಇನ್ನೊಬ್ಬರ ಕಡೆಗಿದೆ. ಚಿಂತಾಮಣಿ ಎಂಬುದು ಹಳೆಯ ಕೋಲಾರ ಜಿಲ್ಲೆಯ ಒಂದು ಊರು, ಬಯಸಿದ್ದನ್ನು ಕೊಡುವ ರತ್ನವೂ ಹೌದು. ಅಂಥಲ್ಲಿ ಕಂಡ ಒಂದು ಮುಖ ಕವಿತೆಗೆ ಸಾಕಾಗುತ್ತದೆ. ನಾನು, ನಾವು, ವೇಷಗಳ ಗುಂಪು ಎಲ್ಲ ದಾಟಿದ ಮೇಲೆ ಕವಿತೆ ಎದುರಿಗಿರುವವರನ್ನು ‘ಬಾ’ ಎಂದು ಕರೆಯುವ ಮಾತಾಗಿದೆ.

ಓದುಗರು ಮತ್ತು ಕೇಳುಗರು ಈ ಬದಲಾವಣೆಗಳನ್ನು ಬೇರೆ ಬೇರೆ ರೀತಿ ಇಟ್ಟುಕೊಂಡಿದ್ದಾರೆ. ತರಗತಿಗಳಲ್ಲಿ ಓದುವುದು ‘ಭೂತ’, ‘ಭೂಮಿಗೀತ’. ಸುಗಮ ಸಂಗೀತದ ವೇದಿಕೆಯಲ್ಲಿ ಕೇಳುವುದು ಆರಂಭದ ಭಾವಗೀತೆಗಳು. ಮೋಹನ ಮುರಳಿಯ ಹಾಡು ತೊಂಬತ್ತರ ದಶಕದ ‘ಅಮೆರಿಕಾ ಅಮೆರಿಕಾ’ ಚಿತ್ರದ ಮೂಲಕ ಕಡಲಾಚೆಯ ಕನ್ನಡಿಗರ ಮನೆಗಳನ್ನೂ ತಲುಪಿತು. ಕವಿ ಬಿಟ್ಟುಬಂದ ಕಾವ್ಯವೇ ಹೆಚ್ಚು ಜನರ ಬಾಯಲ್ಲಿ ಉಳಿದಿದೆ.

ಅಡಿಗರು 1992ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಹಿಂದೆ, 1990ರಲ್ಲಿ, ಬಂದ ಸಂಕಲನದ ಹೆಸರು ‘ಸುವರ್ಣ ಪುತ್ಥಳಿ’. ಮರಣೋತ್ತರವಾಗಿ ಅದಕ್ಕೆ ಪಂಪ ಪ್ರಶಸ್ತಿ ಸಂದಿತು. ರಾಮಾಯಣ ಬಲ್ಲವರಿಗೆ ಆ ಹೆಸರು ಕೇಳಿದೊಡನೆ ಅಶ್ವಮೇಧದ ಯಜ್ಞಶಾಲೆಯಲ್ಲಿ ಸೀತೆಯ ಜಾಗದಲ್ಲಿ ಕೂರಿಸಿದ ಚಿನ್ನದ ಬೊಂಬೆ ನೆನಪಾಗುತ್ತದೆ. ಮೂವತ್ತೊಂದು ವರ್ಷಗಳ ಹಿಂದೆ ಅಗೆದು ತೆಗೆಯಬೇಕೆಂದಿದ್ದ ಅದಿರು ಇಲ್ಲಿ ವಿಗ್ರಹವಾಗಿದೆ. ಅದು ಯಾರ ರೂಪವೋ, ಅವಳು ಮಾತ್ರ ಯಜ್ಞಶಾಲೆಯಲ್ಲಿ ಇಲ್ಲ.